ಮೂರು ಕಣ್ಣಿನ ಕೆಂಡ

ಬನಹಟ್ಟಿಯಲ್ಲಿ ನನ್ನ ಇಸ್ತ್ರಿ ಅಂಗಡಿ ನಡೆಯುತ್ತಿದ್ದದ್ದು ಇದ್ದಿಲಿನ ಮೇಲೆ. ಕರೆಂಟು ನಂಬಿದರೆ ಮಗ್ಗವೂ ನಿಲ್ಲುತ್ತದೆ, ಇಸ್ತ್ರಿಯೂ ನಿಲ್ಲುತ್ತದೆ. ಆದರೆ ಜಾಲಿ ಇದ್ದಿಲು ಇಸ್ತ್ರಿ ಪೆಟ್ಟಿಗೆಯೊಳಗೆ ಚಟಪಟ ಸಿಡಿಯುತ್ತಿತ್ತು. ಒಂದು ದಿನ ಕಿಡಿ ಹಾರಿ, ನೇಕಾರರ ಮನೆಯ ಹೊಸ ಸೀರೆಯ ಸೆರಗಿಗೆ ತೂತು ಬಿತ್ತು.

“ಇನ್ನೊಮ್ಮಿ ಹಿಂಗಾತಂದ್ರ ನಮ್ಮ ಓಣಿಯಿಂದ ಒಂದ ಅರಿವಿ ಬಟ್ಟಿನೂ ನಿನ್ನ ಅಂಗಡಿಗಿ ಬರೂದಿಲ್ಲ ನೋಡಬೇ,” ಎಂದು ಆ ಮನೆಯ ಹಿರಿಯಾಕೆ ಹೇಳಿಹೋದಳು. ಆ ಓಣಿ ಹೋದರೆ ಅಂಗಡಿಯೇ ಹೋದ ಹಾಗೆ.

ಉತ್ತರ ಸಿಕ್ಕಿದ್ದು ನನ್ನದೇ ಬಚ್ಚಲ ಒಲೆಯಲ್ಲಿ. ತೆಂಗಿನ ಚಿಪ್ಪೊಂದು ಅರೆಬರೆ ಉರಿದು ಬೂದಿಯಡಿ ಆರಿತ್ತು. ಮತ್ತೆ ಹೊತ್ತಿಸಿದರೆ ಕಿಡಿಯಿಲ್ಲ, ಸದ್ದಿಲ್ಲ, ಕೆಂಪಗೆ ಕೂತಿತ್ತು. ಚಿಪ್ಪು ಎಲ್ಲಿ ರಾಶಿ ಬಿದ್ದಿರುತ್ತದೆ? ಊರ ಹೊರಗಿನ ಬೀರಪ್ಪನ ಗುಡಿಯ ಹಿಂದೆ.

ಪೂಜಾರಿ ಅಜ್ಜ ಒಪ್ಪಲಿಲ್ಲ. “ಭಂಡಾರದ ಅರಿಷಿಣ ಬಿದ್ದ ಚಿಪ್ಪಬೇ ಅವು. ಹೊಳಿಗಿ ಬಿಡ್ತೀವಿ, ಮಾರೂದಿಲ್ಲ.”

“ಮಾರ್ರಿ ಅಂತ ಯಾರಂದ್ರು, ಅಜ್ಜಾರ? ನೀವು ಚಿಪ್ಪ ಕೊಡ್ರಿ, ದೇವರ ಧೂಪಕ್ಕ ಇದ್ದಿಲಿ ನಾ ಕೊಡ್ತೀನಿ. ಹೊಳಿಗಿ ಬಿಟ್ರ ದೇವರಿಗೇನ ಸಿಕ್ತು?”

ಅಜ್ಜ ನಕ್ಕ. “ಬಾಯಿ ಭಾಳ ಐತಿ ನಿಂದು. ಒಂದ ಚೀಲ ಒಯ್ಯಿ. ಧೂಪದಾಗ ಹೊಗಿ ನಾರಿತಂದ್ರ ಮತ್ತ ಈ ಕಡಿ ಬರಬ್ಯಾಡ.”

ಗುಜರಿಯಿಂದ ಹಳೆಯ ಬ್ಯಾರಲ್ ತಂದು, ತಳಕ್ಕೆ ಮೊಳೆ ಹೊಡೆದು ತೂತು ಮಾಡಿದೆ. ನೀವೂ ಮಾಡುವವರಿದ್ದರೆ ಇಷ್ಟು ಕೇಳಿ. ಬಯಲಲ್ಲಿ ಮಾಡಿ, ಚಿಪ್ಪು ಒಣಗಿರಲಿ, ನಾರು ಕೆರೆದು ತೆಗೆಯಿರಿ. ತಳದಲ್ಲಿ ನಾಲ್ಕು ಚಿಪ್ಪು ಹೊತ್ತಿಸಿ, ಉಳಿದವನ್ನು ಸ್ವಲ್ಪಸ್ವಲ್ಪವೇ ಸುರಿಯಿರಿ. ಬಿಳಿ ಹೊಗೆ ತೆಳ್ಳಗಾಗಿ ನೀಲಿಗೆ ತಿರುಗಿತೋ, ಮುಚ್ಚಳ ಹಾಕಿ ಬುಡಕ್ಕೂ ಬಾಯಿಗೂ ಹಸಿ ಮಣ್ಣು ಮೆತ್ತಿಬಿಡಿ. ಆಮೇಲೆ ಸುಮ್ಮನೆ ಕೂರಬೇಕು. ಅದೇ ಕಷ್ಟ. ಬ್ಯಾರಲ್ ಇನ್ನೂ ಬೆಚ್ಚಗಿರುವಾಗಲೇ ನಾನು ಮುಚ್ಚಳ ಎತ್ತಿದೆ. ಗಾಳಿ ತಾಗಿದ್ದೇ ತಡ, ಎಲ್ಲ ಭಗ್ಗನೆ ಹೊತ್ತಿ ಬೂದಿಯಾಯಿತು. ಪುಣ್ಯಕ್ಕೆ ಅರ್ಧ ಚೀಲವಷ್ಟೇ ಹಾಕಿದ್ದೆ. ಚೌಕಾಸಿ ಬಲ್ಲವರು ಇದ್ದದ್ದನ್ನೆಲ್ಲ ಒಮ್ಮೆಗೇ ಹೂಡುವುದಿಲ್ಲ.

ಎರಡನೆಯ ಸಲ ತಗಡು ತಣ್ಣಗಾಗುವ ತನಕ ಮುಟ್ಟಲಿಲ್ಲ. ತೆರೆದರೆ, ಚಿಪ್ಪು ಚಿಪ್ಪಾಗಿಯೇ ಇತ್ತು! ಅಂಚು, ಬಟ್ಟಲು, ಮೂರು ಕಣ್ಣು, ಎಲ್ಲ ಹಾಗೆಯೇ. ಬರಿಯ ಕಪ್ಪು, ಗರಿಯಷ್ಟು ಹಗುರ. ಉಗುರಿನಿಂದ ತಟ್ಟಿದರೆ ಕಂಚಿನಂತೆ ಠಣ್ ಎಂದಿತು. ಬೆಂಕಿ ಇದರೊಳಗಿಂದ ಏನು ಒಯ್ದಿತು, ಏನು ಬಿಟ್ಟುಹೋಯಿತು ಎಂದು ನೋಡುತ್ತ ಅಲ್ಲೇ ಕೂತುಬಿಟ್ಟೆ.

ಅಮಾವಾಸ್ಯೆಯ ಪೂಜೆಗೆ ಒಯ್ದೆ. ಅಜ್ಜ ಧೂಪದ ಪಾತ್ರೆಯಲ್ಲಿ ಒಂದು ಕೆಂಡವಿಟ್ಟು, ಅದರ ಮೇಲೆ ಚಿಪ್ಪನ್ನು ಬೋರಲು ಹಾಕಿ ಊದಿದ. ಹೊಗೆ ಬರಲಿಲ್ಲ. ಒಂದು ಕಿಡಿಯೂ ಸಿಡಿಯಲಿಲ್ಲ. ಕೆಂಪು ಅಂಚಿನಿಂದ ಮೆಲ್ಲಗೆ ಏರಿ ಏರಿ, ಕಡೆಗೆ ಮೂರೂ ಕಣ್ಣುಗಳು ಆ ಮಬ್ಬು ಗರ್ಭಗುಡಿಯಲ್ಲಿ ಬೆಳಗಿದವು. ದೇವರ ಮುಂದೆ ಒಡೆದ ಕಾಯಿ ಈಗ ದೇವರನ್ನೇ ನೋಡುತ್ತಿತ್ತು. ಅಜ್ಜ ಧೂಪ ಉದುರಿಸಿದಾಗ ಎದ್ದದ್ದು ಧೂಪದ ಘಮವೊಂದೇ.

“ಎಲ್ಲಿ ಹೋತಬೇ ನಿನ್ನ ಬಾಯಿ?” ಅಜ್ಜ ಕೇಳಿದ. ನಾನು ಇನ್ನೂ ಆ ಕಣ್ಣುಗಳನ್ನೇ ನೋಡುತ್ತಿದ್ದೆ.

“ಚಿಪ್ಪ ಒಯ್ಯಾಕ ಚೀಲರೆ ತಂದೀಯೋ ಇಲ್ಲೋ?”

ಕಂಕುಳಲ್ಲಿ ಮಡಚಿಟ್ಟಿದ್ದ ಖಾಲಿ ಚೀಲ ಆಗ ನೆನಪಾಯಿತು.

ಮರುದಿನ ಆ ಹಿರಿಯಾಕೆ ಸೀರೆ ತಂದು, ಪೆಟ್ಟಿಗೆಯ ಮೇಲೇ ಕಣ್ಣಿಟ್ಟು ನಿಂತಳು. ಪೆಟ್ಟಿಗೆ ಸದ್ದೇ ಮಾಡಲಿಲ್ಲ.

“ಬೆಂಕಿ ಹಾಕೀಯೋ ಇಲ್ಲೋ ಅದರಾಗ?”

ಮುಚ್ಚಳ ತೆರೆದು ತೋರಿಸಿದೆ. ಅವಳೂ ಬಾಗಿ ನೋಡಿ, ಕೈಲಿದ್ದ ಸೀರೆಯನ್ನು ಮೇಜಿನ ಮೇಲಿಟ್ಟಳು.