ವಿಯೆನ್ನಾದಲ್ಲಿ ನಮ್ಮ ಬೀಗಿತ್ತಿ

ನಮ್ಮ ಬೀಗಿತ್ತಿಯ ಬಲಗೈಯಲ್ಲಿ ಬಳೆ ನಿಲ್ಲುವ ಜಾಗದಿಂದ ಮೊಣಕೈವರೆಗೆ ಐದು ಸುಟ್ಟ ಗೆರೆಗಳಿದ್ದವು. ಇಡ್ಲಿ ಪಾತ್ರೆಯ ಕಂಠ ತಾಗಿ ಆದ ಕಲೆಗಳು. ಚನ್ನರಾಯಪಟ್ಟಣದ ಬಸ್‌ಸ್ಟ್ಯಾಂಡಿನ ಹತ್ತಿರ ಅವರ ಯಜಮಾನರದು ಹೋಟೆಲು. ಮೂವತ್ತು ವರ್ಷ ಅದರ ಹಿಂದಿನ ಕೋಣೆಯಲ್ಲಿ ರುಬ್ಬಿದ್ದೂ ಬೇಯಿಸಿದ್ದೂ ಈಕೆಯೇ. ನನ್ನ ಮಗಳನ್ನು ನೋಡಲು ಬಂದ ದಿನವೇ ನಾನು ಕೇಳಿಬಿಟ್ಟೆ, ಇದೇನು ಕೈ ಹೀಗಾಗಿದೆ ಎಂದು. ಅವರು ಸೆರಗು ಎಳೆದು ಮುಚ್ಚಿಕೊಳ್ಳಲಿಲ್ಲ. ಕೈ ಮುಂದೆ ಚಾಚಿ ಒಂದೊಂದೇ ಗೆರೆ ತೋರಿಸಿದರು. "ಇದು ನನ್ನ ಮಗ ಹೊಟ್ಟೇಲಿದ್ದಾಗ. ಇದು ನಮ್ಮತ್ತೆ ತೀರಿಕೊಂಡ ವಾರ. ಈ ಕೊನೇದು ಮಾತ್ರ ಯಾರದೂ ಅಲ್ಲ ಬೀಗ್ರೇ, ನನ್ನ ತೂಕಡಿಕೆದು."

ಬೀಗಿತ್ತಿ ಎಂದರೆ ನನ್ನ ಮಗಳ ಅತ್ತೆ. ಹನ್ನೊಂದು ವರ್ಷದ ಸಂಬಂಧ. ಆದರೂ ಒಂದೇ ಸೂರಿನ ಕೆಳಗೆ ನಾವಿಬ್ಬರು ಒಟ್ಟಿಗೆ ಇದ್ದದ್ದು ಕೆಲವೇ ದಿನ. ಅದಕ್ಕೆ ಕಾರಣ ಮೊಮ್ಮಗಳು. ಅವಳು ಹುಟ್ಟಿದಾಗಿನಿಂದ ಅಮೆರಿಕದ ಸ್ಯಾನ್ ರಮೋನಿನಲ್ಲಿರುವ ಮಗಳ ಮನೆಯಲ್ಲಿ ಜನವರಿಯಿಂದ ಜೂನ್‌ವರೆಗೆ ಅವರು, ಜುಲೈಯಿಂದ ಡಿಸೆಂಬರ್‌ವರೆಗೆ ನಾನು. ಮಗಳು, ಅಳಿಯ ಇಬ್ಬರೂ ಬೆಳಗಾದರೆ ಕೆಲಸಕ್ಕೆಂದು ಫ್ರೀವೇ ಹಿಡಿಯುವವರು. ಮನೆಯಲ್ಲಿ ಮಗುವಿಗೆ ಒಬ್ಬರು ಬೇಕು. ವೀಸಾದವರು ಒಂದು ಸಲಕ್ಕೆ ಕೊಡುವುದು ಆರು ತಿಂಗಳು. ಹಾಗಾಗಿ ಒಬ್ಬರು ವಿಮಾನ ಹತ್ತಿದರೆ ಇನ್ನೊಬ್ಬರು ಇಳಿಯುವುದು. "ನಮ್ಮ ಹೋಟ್ಲಲ್ಲಿ ಸಪ್ಲೈಯರ್‌ಗಳ ಶಿಫ್ಟು ಹಿಂಗೇ" ಎಂದು ಬೀಗಿತ್ತಿ ನಗುತ್ತಿದ್ದರು.

ಮೊದಲೇ ಹೇಳಿಬಿಡುತ್ತೇನೆ. ಈ ಹೆಂಗಸು ಸಾಯುವ ಮುಂಚೆ ಮೂರು ಸಲ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಂದು ಮಾತು ಹೇಳಲು ನೋಡಿದರು. ಮೂರು ಸಲವೂ ನಾನು ಕೂರಲಿಲ್ಲ.

ಅವರ ಮುಖಕ್ಕಿಂತ ಅವರು ಬಿಟ್ಟುಹೋದ ಅಡುಗೆಮನೆಯೇ ನನಗೆ ಹೆಚ್ಚು ಪರಿಚಯ. ಜುಲೈಯಲ್ಲಿ ನಾನು ಹೋದಾಗ ಸಾಸಿವೆ ಡಬ್ಬಿ ಒಲೆಯ ಎಡಕ್ಕಿರುತ್ತಿತ್ತು. ನಾನು ಬಲಕ್ಕಿಡುತ್ತಿದ್ದೆ. ಮುಂದಿನ ಜುಲೈಯಲ್ಲಿ ನೋಡಿದರೆ ಮತ್ತೆ ಎಡಕ್ಕೆ. ಇಷ್ಟು ವರ್ಷವೂ ಆ ಡಬ್ಬಿ ಹೀಗೇ ಓಡಾಡಿತು, ಇಬ್ಬರೂ ಬಾಯಿ ಬಿಡಲಿಲ್ಲ. ಆದರೆ ಹೊರಡುವ ಮುಂಚೆ ಅವರು ನನಗೆಂದು ಒಂದು ಜಾಡಿ ಸಾರಿನ ಪುಡಿ, ಒಂದು ಜಾಡಿ ನಿಂಬೆಕಾಯಿ ಉಪ್ಪಿನಕಾಯಿ ಮಾಡಿಟ್ಟೇ ಹೋಗುತ್ತಿದ್ದರು. ಮೇಲೆ ಚೀಟಿ ಅಂಟಿಸಿ, ಮಕ್ಕಳಿಗೆ ಬರೆಯುವ ಹಾಗೆ ದಪ್ಪ ದಪ್ಪ ಅಕ್ಷರ ಬಿಡಿಸಿ ಬಿಡಿಸಿ ಬರೆದಿರುತ್ತಿದ್ದರು. ನಾನು ಓದಿದ್ದು ನಾಲ್ಕನೇ ಕ್ಲಾಸು. ಅವರು ಎಸ್ಸೆಸ್ಸೆಲ್ಸಿ ಪಾಸು.

"ನೋಡೇ, ನನಗೆ ಓದು ಬರಲ್ಲ ಅಂತ ಆಡಿಕೊಳ್ತಾರೆ ನಿಮ್ಮತ್ತೆ" ಎಂದೆ ಮಗಳಿಗೆ.

"ಅಮ್ಮಾ, ನೀನು ಕನ್ನಡಕ ಹಾಕ್ಕೊಳ್ಳಲ್ಲ ಅಂತ ಹಂಗೆ ಬರೀತಾರೆ. ನಿನಗೆ ಎಲ್ಲದರಲ್ಲೂ ಹುಳುಕು."

ಹುಳುಕು ನಿಜ. ನನಗೆ ಅವರ ಮೇಲೆ ಹೊಟ್ಟೆಕಿಚ್ಚಿತ್ತು. ಮೊಮ್ಮಗಳು ನನಗೆ ಬರೀ ಅಜ್ಜಿ ಎನ್ನುತ್ತಾಳೆ. ಅವರು ಮಾತ್ರ ಹೋಟೆಲಜ್ಜಿ. ನಾನು ಗದರಿದರೆ "ಹೋಟೆಲಜ್ಜಿ ನೆವರ್ ಶೌಟ್ಸ್" ಎಂದು ಮುಖ ತಿರುಗಿಸುತ್ತಿದ್ದಳು. ಅವರು ಕೂಗುವ ಜಾತಿಯೇ ಅಲ್ಲ. ಮಗು ಸ್ಕೂಲಿನಿಂದ ಅಳುತ್ತಾ ಬರಲಿ, ಅಳಿಯ ಆಫೀಸಿನಿಂದ ಸಿಡುಕಿಕೊಂಡು ಬರಲಿ, ಅವರದು ಒಂದೇ ಮಾತಂತೆ: "ನೀರು ಮೊದಲು, ವಿಚಾರಣೆ ಆಮೇಲೆ." ಲೋಟ ಖಾಲಿಯಾಗುವವರೆಗೆ ಏನನ್ನೂ ಕೇಳುತ್ತಿರಲಿಲ್ಲ.

ನಮ್ಮಿಬ್ಬರ ನಡುವಿನ ನಿಜವಾದ ಜಗಳ ಬೇಸಿಗೆ ರಜೆಯದು. ಸ್ಕೂಲಿರುವ ತಿಂಗಳುಗಳಲ್ಲಿ ಮಗು ನಮಗೆ ಸಿಗುವುದು ಸಂಜೆ ಎರಡು ಗಂಟೆ. ರಜೆಯಲ್ಲಾದರೆ ಇಡೀ ದಿನ. ಆ ರಜೆಯ ದೊಡ್ಡ ಪಾಲು ಜುಲೈಯಿಂದ ಮುಂದೆ, ಅಂದರೆ ನನ್ನ ಪಾಲಿಗೆ. ವಿಯೆನ್ನಾಕ್ಕೆ ಹೋಗುವ ಹಿಂದಿನ ವರ್ಷ ಬೀಗಿತ್ತಿ "ಹತ್ತು ದಿವಸ ಜಾಸ್ತಿ ಇರ್ತೀನಿ" ಎಂದು ಹೇಳಿ, ವೀಸಾ ಮುಂದುವರಿಸಿಕೊಂಡು ಇಡೀ ಜುಲೈ ನುಂಗಿದ್ದರು. ನಾನು ಮಂಡ್ಯದಲ್ಲಿ ಪೆಟ್ಟಿಗೆ ಕಟ್ಟಿಕೊಂಡು ಕೂತಿದ್ದೆ. ಅದನ್ನು ಮರೆತಿರಲಿಲ್ಲ.

ಹೋದ ಬೇಸಿಗೆಯಲ್ಲಿ ಮಗಳು ಹೊಸ ಉಪಾಯ ತೆಗೆದಳು. "ಅಮ್ಮಾ, ನೀನು ಬೆಂಗಳೂರಿಂದ ಬಾ, ನಾವು ಅತ್ತೇನ ಕರ್ಕೊಂಡು ಇಲ್ಲಿಂದ ಬರ್ತೀವಿ. ಮಧ್ಯದಲ್ಲಿ ಯೂರೋಪಿನ ವಿಯೆನ್ನಾ. ರಾಜರ ಕಾಲದಿಂದ ರಾಜಧಾನಿ, ತುಂಬಾ ಚೆನ್ನಾಗಿದೆಯಂತೆ. ನಾಲ್ಕು ದಿವಸ ಎಲ್ಲರೂ ಸುತ್ತಿ ಆಮೇಲೆ ಅತ್ತೆ ಊರಿಗೆ, ನೀನು ನಮ್ಮ ಜೊತೆ."

"ಇಬ್ಬರು ಮುದುಕೀರನ್ನ ಅದಲು ಬದಲು ಮಾಡೋಕೆ ಅಷ್ಟು ದೂರ ಹೋಗಬೇಕೇನೇ?" ಎಂದೆ. ಆದರೂ ಹೋದೆ.

ಊರು ಚೆನ್ನಾಗಿತ್ತು, ಇಲ್ಲವೆನ್ನುವುದಿಲ್ಲ. ಕೆಂಪು ಟ್ರಾಮುಗಳು ಬೀದಿಯ ನಡುವೆಯೇ ಓಡುತ್ತವೆ. ಕುದುರೆ ಗಾಡಿಗಳು ಸಾಲಾಗಿ ನಿಂತಿರುತ್ತವೆ, ಬಿಸಿಲಿಗೆ ಲದ್ದಿಯ ವಾಸನೆ. ಅಲ್ಲಲ್ಲಿ ಕುಡಿಯುವ ನೀರಿನ ನಲ್ಲಿ. ಬೀದಿಗೇ ಕುರ್ಚಿ ಹಾಕಿ ಕಾಫಿ ಕೊಡುತ್ತಾರೆ. ತಟ್ಟೆಯಲ್ಲಿ ಕಾಫಿ ಜೊತೆ ಒಂದು ಪುಟ್ಟ ಲೋಟ ನೀರು ಇಟ್ಟದ್ದು ಕಂಡು ಬೀಗಿತ್ತಿ ನನ್ನ ಭುಜ ತಟ್ಟಿದರು. "ನೋಡಿದ್ರಾ? ಇವರೂ ನಮ್ಮ ಥರಾನೇ. ಕಸುಬು ಗೊತ್ತಿರೋ ಜನ."

ರಾಜರ ಅರಮನೆಗೆ ಹೋದೆವು. ಹಳದಿ ಬಣ್ಣದ್ದು, ಕೋಣೆಯ ಹಿಂದೆ ಕೋಣೆ, ಎಲ್ಲಾ ಕಡೆ ಚಿನ್ನದ ನೀರು. ಬೀಗಿತ್ತಿಗೆ ಒಂದೇ ಯೋಚನೆ.

"ಇಷ್ಟೊಂದು ರೂಮು ಯಾರು ಗುಡಿಸ್ತಿದ್ರೋ ಪಾಪ. ಅಡುಗೆಮನೆ ಎಲ್ಲಿ ಅಂತ ಕೇಳೋ ಮಗಾ."

ಅಳಿಯ ಕೇಳಿಬಂದರು. "ಅದನ್ನ ತೋರ್ಸಲ್ವಂತಮ್ಮಾ."

"ಅಡುಗೆಮನೆ ತೋರಿಸ್ದೆ ಮನೆ ತೋರಿಸಿದ್ವಿ ಅಂದ್ರೆ ಒಪ್ಪೋಕಾಗತ್ತಾ? ನಡಿ ನಡಿ."

ನಾವೆಲ್ಲ ನಕ್ಕೆವು. ನಾನೂ ನಕ್ಕೆ.

ಅವರು ಮೊದಲ ಸಲ ಕರೆದದ್ದು ಅದಕ್ಕೂ ಹಿಂದಿನ ದಿನ, ದೊಡ್ಡ ಚರ್ಚಿನ ಮುಂದೆ. ಮಗಳು, ಅಳಿಯ, ಮಗು ಗೋಪುರದ ಮೆಟ್ಟಿಲು ಹತ್ತಿಹೋಗಿದ್ದರು. ಕೆಳಗೆ ನಾವಿಬ್ಬರೇ. ಬೀಗಿತ್ತಿ ಒಂದು ಕಾಫಿ ಮೇಜಿನ ಕುರ್ಚಿ ಎಳೆದು "ಬನ್ನಿ ಬೀಗ್ರೇ, ಕೂತ್ಕೊಳಿ. ನಿಮ್ಮ ಹತ್ರ ಒಂದು ಮಾತಿತ್ತು" ಎಂದರು.

ಬೇಸಿಗೆ ತಮಗೆ ಬಿಡಿ ಎಂದು ತಿಂಗಳು ಬದಲಾಯಿಸುವ ಮಾತೇ ಇದು ಎಂದುಕೊಂಡೆ. "ನನಗೆ ಕಾಲು ನೋವಿಲ್ಲ, ಒಂದು ಸುತ್ತು ಹಾಕಿ ಬರ್ತೀನಿ" ಎಂದು ಹೊರಟೆ. ಒಂದಲ್ಲ, ಆ ಚರ್ಚಿಗೆ ಮೂರು ಸುತ್ತು ಹಾಕಿದೆ. ತಿರುಗಿ ಬಂದಾಗಲೂ ಅವರು ಒಬ್ಬರೇ ಕೂತಿದ್ದರು, ಎದುರಿನ ಕುರ್ಚಿಯ ಮೇಲೆ ಬೇರೆಯವರು ಕೂರದ ಹಾಗೆ ತಮ್ಮ ಚೀಲ ಇಟ್ಟುಕೊಂಡು.

ಎರಡನೆಯದು ಅರಮನೆಯ ಹಿಂದಿನ ತೋಟದಲ್ಲಿ. ಅಲ್ಲಿ ಒಂದು ದಿಬ್ಬ, ಮೇಲೆ ಹೋದರೆ ಇಡೀ ಊರು ಕಾಣುತ್ತದೆ. ಅರ್ಧ ಹತ್ತುವಷ್ಟರಲ್ಲಿ ಬೀಗಿತ್ತಿ ಕಲ್ಲು ಬೆಂಚಿನ ಮೇಲೆ ಕೂತುಬಿಟ್ಟರು. ಎದೆಯ ಮೇಲೆ ಕೈ, ಹಣೆಯಲ್ಲಿ ಬೆವರು. ಮಕ್ಕಳು ಮುಂದೆ ಹೋಗಿದ್ದರು. "ಬೀಗ್ರೇ, ಒಂದೈದು ನಿಮಿಷ ನನ್ನ ಪಕ್ಕ ಕೂತ್ಕೊಳಿ" ಎಂದರು.

ನಾನು ಅಂದುಕೊಂಡದ್ದನ್ನು ಇದ್ದ ಹಾಗೇ ಬರೆಯುತ್ತೇನೆ. ನಾಟಕ ಎಂದುಕೊಂಡೆ. ಮಗನ ಕಣ್ಣಿಗೆ ಬೀಳಲಿ, ಸುಸ್ತಾಗಿದ್ದಾರೆ, ಊರಿಗೆ ಕಳಿಸುವುದು ಬೇಡ, ವಾಪಸ್ ಸ್ಯಾನ್ ರಮೋನಿಗೇ ಕರೆದುಕೊಂಡು ಹೋಗೋಣ ಎನ್ನಲಿ ಎಂಬ ಹೂಟ ಎಂದುಕೊಂಡೆ. "ಬಿಸಿಲು, ಅಷ್ಟೆ. ನೀರು ಕುಡೀರಿ" ಎಂದು ನನ್ನ ಬಾಟಲಿ ಅವರ ಕೈಗೆ ಕೊಟ್ಟು ದಿಬ್ಬ ಹತ್ತಿದೆ. ಮೇಲಿನಿಂದ ಊರು ಬಹಳ ಚೆನ್ನಾಗಿ ಕಂಡಿತು. ಇಳಿದು ಬರುವಷ್ಟರಲ್ಲಿ ಅವರು ಬೆವರು ಒರೆಸಿಕೊಂಡು, ಸೆರಗು ಸರಿಮಾಡಿಕೊಂಡು ನಗುತ್ತಿದ್ದರು. ಮಗನಿಗೆ ಒಂದಕ್ಷರ ಹೇಳಲಿಲ್ಲ. ನಾನೂ ಹೇಳಲಿಲ್ಲ.

ಮೂರನೆಯದು ಅವರು ಹೊರಡುವ ದಿನ ಬೆಳಗ್ಗೆ, ನಾವಿಳಿದಿದ್ದ ಜಾಗದ ತಿಂಡಿ ಕೋಣೆಯಲ್ಲಿ. ಎಲ್ಲರಿಗಿಂತ ಮುಂಚೆ ಎದ್ದು ಮೂಲೆಯ ಮೇಜಿನಲ್ಲಿ ನಮ್ಮಿಬ್ಬರಿಗೇ ಕಾಫಿ ತಂದಿಟ್ಟುಕೊಂಡು ಕಾಯುತ್ತಿದ್ದರು. ನನಗೆ ಗೊತ್ತಾಗಿಯೇ ಮೊಮ್ಮಗಳ ಕೈ ಹಿಡಿದುಕೊಂಡು ಹೋಗಿದ್ದೆ, ಮಗುವಿನ ಎದುರು ಮಾತು ತೆಗೆಯುವುದಿಲ್ಲ ಎಂದು.

"ಪುಟ್ಟೀ, ನೀನು ಹೋಗಿ ಹಣ್ಣು ತಗೋ ಕಂದಾ" ಎಂದರು.

"ಅವಳು ಇಲ್ಲೇ ಇರ್ಲಿ" ಎಂದೆ ನಾನು. "ಬೀಗ್ರೇ, ಸುಮ್ನೆ ಸುತ್ತಿ ಬಳಸಿ ಬೇಡ. ತಿಂಗಳು ಬದಲಾಯಿಸೋ ಮಾತಾದ್ರೆ ನಾನು ಒಪ್ಪಲ್ಲ. ಬೇಸಿಗೆ ನಂದು."

ಅವರು ನನ್ನ ಮುಖವನ್ನೇ ನೋಡಿದರು. ಆಮೇಲೆ ನಕ್ಕುಬಿಟ್ಟರು. "ಅಯ್ಯೋ ಬೀಗ್ರೇ, ಅದೇನಾ ನಿಮ್ಮ ಭಯ? ಬೇಸಿಗೆ ನಿಮ್ದೇ ಇರ್ಲಿ. ಎಲ್ಲಾ ತಿಂಗಳೂ ನಿಮ್ದೇ ಆಗ್ಲಿ ಬಿಡಿ."

ಚುಚ್ಚಿ ಮಾತಾಡಿದರು ಎಂದು ನಾನು ಕಾಫಿ ಮುಟ್ಟದೆ ಎದ್ದುಬಂದೆ. ವಿಮಾನ ನಿಲ್ದಾಣದಲ್ಲಿ ಅವರು ನನ್ನ ಎರಡೂ ಕೈ ಹಿಡಿದುಕೊಂಡರು. ಬಿಡಿಸಿಕೊಂಡವಳು ನಾನು.

ಆಗಸ್ಟಿನಲ್ಲಿ ಒಂದು ಸಂಜೆ, ನಾವು ಊಟಕ್ಕೆ ಕೂತಿದ್ದಾಗ ಊರಿನಿಂದ ಫೋನು ಬಂತು. ಅಲ್ಲಿ ಬೆಳಗಿನ ಹೊತ್ತು. ಬೀಗಿತ್ತಿ ಸ್ನಾನ ಮುಗಿಸಿ ಬಂದು ಅಡುಗೆಮನೆ ಬಾಗಿಲಲ್ಲಿ ಕೂತವರು ಏಳಲಿಲ್ಲವಂತೆ. ಅಳಿಯ ಅನ್ನದ ಕೈಯಲ್ಲೇ ಫೋನ್ ಹಿಡಿದುಕೊಂಡು "ಯಾರು? ಯಾರು?" ಎಂದು ಕೇಳುತ್ತಲೇ ಇದ್ದರು. ಆ ದನಿ ನೆನೆದರೆ ಈಗಲೂ ಊಟ ಸೇರುವುದಿಲ್ಲ.

ಅಳಿಯ ಊರಿಗೆ ಹೋದರು. ಹನ್ನೊಂದನೆಯ ದಿನ ಬೀಗಿತ್ತಿಯ ತಂಗಿ ನನಗೆ ಫೋನ್ ಮಾಡಿದರು. ಬೇರೆ ಯಾರೂ ಇಲ್ಲದ ಕಡೆ ಹೋಗಿ ಮಾತಾಡುತ್ತಿದ್ದರು, ದನಿ ತಗ್ಗಿತ್ತು.

"ಡಿಸೆಂಬರಲ್ಲೇ ಹಾಸನದ ಡಾಕ್ಟ್ರು ಹೇಳಿದ್ರು ಕಣಮ್ಮಾ, ಹೃದಯದ ರಕ್ತನಾಳ ಕಟ್ಟಿದೆ, ಆಪರೇಷನ್ ಆಗ್ಬೇಕು ಅಂತ. ಅಕ್ಕಂಗೆ ಹೆದರಿಕೆ. ಮಗನಿಗೆ ಹೇಳಿದ್ರೆ ಕೆಲಸ ಬಿಟ್ಟು ಓಡಿ ಬರ್ತಾನೆ, ಬೇಡ ಅಂದ್ಲು. ನಮ್ ಬೀಗ್ರು ಗಟ್ಟಿಗಿತ್ತಿ, ಮುಖಕ್ಕೆ ಹೊಡೆದ ಹಾಗೆ ಹೇಳ್ತಾರೆ, ಅವರನ್ನ ಕೇಳ್ತೀನಿ, ಅವರು ಮಾಡಿಸ್ಕೊ ಅಂದ್ರೆ ಮಾಡಿಸ್ಕೊತೀನಿ ಅಂದಿದ್ಲು. ನಿಮ್ಗೆ ಹೇಳಿದ್ಲಾ?"

"ಇಲ್ಲ" ಎಂದೆ.

"ಅಕ್ಕ ವಾಪಸ್ ಬಂದಾಗ್ಲೂ ಅದನ್ನೇ ಅಂದ್ಲು. ಪಾಪ ಅವರಿಗೆ ಪುರುಸೊತ್ತೇ ಆಗ್ಲಿಲ್ಲ ಕಣೇ ಅಂದ್ಲು. ಇದನ್ನ ಹುಡುಗನಿಗೆ ಹೇಳ್ಬೇಡಿ, ಒದ್ದಾಡಿ ಹೋಗ್ತಾನೆ."

ಪುರುಸೊತ್ತು ಆಗಲಿಲ್ಲ ಎಂದರಂತೆ. ನನ್ನ ಬಗ್ಗೆ ಅಲ್ಲೂ ಒಂದು ಕೆಟ್ಟ ಮಾತು ಆಡಲಿಲ್ಲ.

ಮಾಡಿಸಿಕೊಳ್ಳಿ ಎಂದೇ ನಾನು ಹೇಳುತ್ತಿದ್ದೆ. ಅವತ್ತು ಬೆಂಚಿನ ಮೇಲೆ ಐದು ನಿಮಿಷ ಕೂತಿದ್ದರೆ, ಹೆದರಬೇಡಿ, ಊರಲ್ಲಿ ನಿಮ್ಮ ಹಾಸಿಗೆ ಪಕ್ಕ ನಾನಿರ್ತೀನಿ, ಬೇಸಿಗೆ ಹಾಳಾಗಿ ಹೋಗಲಿ ಎನ್ನುತ್ತಿದ್ದೆ. ಇದು ಸತ್ಯ. ಆದರೆ ಕೂರದೆ ಹೋದವಳ ಸತ್ಯ ಯಾರಿಗೆ ಬೇಕು?

ಅಳಿಯ ತಲೆ ಬೋಳಿಸಿಕೊಂಡು ವಾಪಸ್ ಬಂದರು. ಕೆಲಸ ಮುಗಿಸಿ ಬಂದು ಅಡುಗೆಮನೆಯ ಸ್ಟೂಲಿನ ಮೇಲೆ ಕೂರುತ್ತಾರೆ. ನಾನು ಪಾತ್ರೆ ತೊಳೆಯುತ್ತಿರುತ್ತೇನೆ. "ಅತ್ತೇ, ಅಮ್ಮ ಯಾರಿಗಾದ್ರೂ ಒಂದು ಮಾತು ಹೇಳಿದ್ದಿದ್ರೆ ಸಾಕಿತ್ತು. ಯಾರಿಗಾದ್ರೂ" ಎನ್ನುತ್ತಾರೆ. ಒಂದು ಸಲವಲ್ಲ, ವಾರಕ್ಕೆರಡು ಸಲ ಎನ್ನುತ್ತಾರೆ. ಊರಲ್ಲಿ ಎಲ್ಲರ ಮುಖಕ್ಕೂ ಇದ್ದದ್ದನ್ನು ಇದ್ದ ಹಾಗೆ ಹೇಳಿ ಹೆಸರು ಕೆಡಿಸಿಕೊಂಡವಳು ನಾನು. ಆಗ ಮಾತ್ರ ತೊಳೆದ ಪಾತ್ರೆಯನ್ನೇ ಮತ್ತೆ ತೊಳೆಯುತ್ತೇನೆ.

ಬೀಗಿತ್ತಿಯ ತಂಗಿ ಹೇಳಬೇಡಿ ಎಂದರು. ಕ್ಷಮಿಸಲಿ. ಇಲ್ಲಿಯ ಕನ್ನಡ ಸಂಘದವರು ತಾವು ತರುವ ಪುಸ್ತಕಕ್ಕೆ ಯಾರ ಬಗ್ಗೆಯಾದರೂ ಬರೆದುಕೊಡಿ ಎಂದು ಕೇಳಿದಾಗ, ನಾಲ್ಕನೇ ಕ್ಲಾಸಿನವಳು ಏನು ಬರೆಯಲಿ ಎಂದೆ. ಆಮೇಲೆ ಒಪ್ಪಿಕೊಂಡೆ. ಅಳಿಯನಿಗೆ ಕನ್ನಡ ಓದಲು ಚೆನ್ನಾಗಿ ಬರುತ್ತದೆ. ರುಬ್ಬುತ್ತಾ ರುಬ್ಬುತ್ತಾ ಪಕ್ಕದಲ್ಲಿ ಕೂರಿಸಿಕೊಂಡು ಅವರಮ್ಮ ಕಲಿಸಿದ್ದು.

ಓದಿಕೊಳ್ಳಲಿ. ಆಮೇಲೆ ನನ್ನನ್ನು ಈ ಮನೆಯಲ್ಲಿ ಇಟ್ಟುಕೊಳ್ಳುವುದು, ಬಿಡುವುದು ಅವರಿಗೆ ಸೇರಿದ್ದು.