ಹೆಲಿಕಾಪ್ಟರ್ ಬಸವಯ್ಯನವರು

ಬಾವಿಯಿಂದ ನೀರು ಸೇದುವಾಗ ತೊಗಲಿನ ಕೈಗವಸು ತೊಡುತ್ತಿದ್ದವರನ್ನು ನಾನು ಕಂಡದ್ದು ಒಬ್ಬರನ್ನೇ. ನಂಜನಗೂಡಿನ ನಮ್ಮ ಬೀದಿ ಈ ವಿಷಯದಲ್ಲಿ ಎರಡು ಪಕ್ಷವಾಗಿತ್ತು: ಚರ್ಮರೋಗವೆಂದು ಒಂದು, ಜಂಬವೆಂದು ಇನ್ನೊಂದು. "ಹಗ್ಗಕ್ಕೆ ದಯೆ ಇಲ್ಲ ಕಣ್ರೀ ಮೇಷ್ಟ್ರೇ" ಎಂದು ಬಸವಯ್ಯನವರು ನನಗೊಬ್ಬನಿಗೆ ಹೇಳಿದ್ದರು.

ಅವರು ಕೊಚ್ಚಿಯಲ್ಲಿ ನೌಕಾಪಡೆಯ ತರಬೇತುದಾರರು. ಹೆಲಿಕಾಪ್ಟರಿನಿಂದ ಹಗ್ಗ ಹಿಡಿದು ಹಡಗಿನ ಮೇಲೆ ಇಳಿಯುವುದನ್ನು ಕಲಿಸುತ್ತಿದ್ದರು. ಎಂಬತ್ತರ ದಶಕದ ಮೊದಲಲ್ಲಿ ಒಂದು ಬೇಸಿಗೆ ರಜಕ್ಕೆ ಬಂದಾಗ ಮುಖ ಸಪ್ಪಗಿತ್ತು. ಹಗ್ಗ ಗಾಳಿಗೆ ಒದ್ದಾಡಿ ಹುಡುಗರು ಸಮುದ್ರಕ್ಕೆ ಬೀಳುತ್ತಿದ್ದರಂತೆ. ರಜ ಮುಗಿಯುವುದರೊಳಗೆ ಉಪಾಯ ಹುಡುಕದಿದ್ದರೆ ಕಂಬಳಿ ಎಣಿಸುವ ಉಗ್ರಾಣಕ್ಕೆ ಹಾಕುವುದಾಗಿ ಸಾಹೇಬರು ಹೇಳಿದ್ದರು.

"ಹಡಗಲ್ಲಿ ಒಬ್ಬ ತುದಿ ಹಿಡ್ಕೊಂಡ್ರೆ ಹಗ್ಗ ಒದ್ದಾಡಲ್ಲ. ನೋಡೇ ಬಿಡಾಣ ಬನ್ನಿ" ಎಂದು ನನ್ನನ್ನು ತಿರುಮಕೂಡಲು ನರಸೀಪುರದ ಬಸ್ಸು ಹತ್ತಿಸಿದರು.

ಹೊಳೆಯ ಮೇಲೆ ಬಾಗಿದ್ದ ಮತ್ತಿಮರದ ಕೊಂಬೆಯೇ ಹೆಲಿಕಾಪ್ಟರ್. ಅಂಬಿಗ ಮಾದನ ಹರಿಗೋಲು ಯುದ್ಧನೌಕೆ. ಮಾದನೇ ಕಪ್ತಾನ, ಉಳಿದ ಸಮಸ್ತ ಸಿಬ್ಬಂದಿ ನಾನು. ಬಸವಯ್ಯನವರು ಮರ ಹತ್ತಿ ಹಗ್ಗ ಇಳಿಬಿಟ್ಟರು. ಮಾದ ತುದಿ ಹಿಡಿದ. ಹಿಡಿದವನು ಅಭ್ಯಾಸಬಲದಿಂದ ಅದನ್ನು ಹರಿಗೋಲಿನ ಅಂಚಿಗೆ ಬಿಗಿಯಾಗಿ ಕಟ್ಟಿಯೂ ಬಿಟ್ಟ. ಅವರು ಅರ್ಧ ಇಳಿಯುವಷ್ಟರಲ್ಲಿ ಸೆಳವು ಹರಿಗೋಲನ್ನು ಎಳೆಯಿತು, ಹಗ್ಗ ಬಿಗಿಯಿತು, ಕೊಂಬೆ ಲಟಕ್ಕನೆ ಮುರಿಯಿತು. ವಾಯುಬಲ, ನೌಕಾಬಲ, ಶಿಕ್ಷಣ ಇಲಾಖೆ ಮೂರೂ ಏಕಕಾಲಕ್ಕೆ ನೀರುಪಾಲಾದವು.

ದಡಕ್ಕೆ ಬಂದು ಪಂಚೆ ಹಿಂಡುತ್ತ ಬಸವಯ್ಯನವರು ಕೇಳಿದರು, "ಹಿಡ್ಕೋ ಅಂದ್ರೆ ಯಾಕ್ಲಾ ಕಟ್ದೆ?"

"ತೆಪ್ಪಕ್ಕೆ ಅಗ್ಗ ಬಿದ್ರೆ ಕಟ್ಟದೆ ಇರಕ್ಕಾಯ್ತದಾ ಸಾ? ಕೈಯೇ ಕಟ್ಬುಡ್ತು."

ಬಸವಯ್ಯನವರು ಮುರಿದ ಕೊಂಬೆಯತ್ತ ಕೈ ತೋರಿಸಿದರು. "ನಮ್ಮ ಹಡಗಿನೋರೂ ನಿನ್ನಂಗೇ ಕಣ್ಲಾ. ಹಗ್ಗ ಸಿಕ್ರೆ ಗಂಟು ಹಾಕೋ ಜನ. ಅಲ್ಲಿ ಮೇಲಿರೋದು ಮರ ಅಲ್ಲ. ಹಡಗು ಒಂದ್ಸಲ ಕುಸಿದ್ರೆ ಹೆಲಿಕಾಪ್ಟರೂ ಅದರ ಜೊತೆ ಕೆಳಕ್ಕೆ ಬರ್ತದೆ."

"ಅಂಗಾದ್ರೆ ನಾನು ಎಲಿಕಾಪ್ಟ್ರು ಮುಳುಗ್ಸಿದೆ ಅನ್ನಿ" ಎಂದ ಮಾದ. ಧ್ವನಿಯಲ್ಲಿ ಸ್ವಲ್ಪ ಹೆಮ್ಮೆಯಿತ್ತು.

ಅದುವರೆಗೆ ಅವರು ಇಳಿಯುವವರಿಗೆ ಮಾತ್ರ ಕಲಿಸುತ್ತಿದ್ದರು. ಕೊಚ್ಚಿಗೆ ಮರಳಿದ ಮೇಲೆ ಹಡಗಿನಲ್ಲಿ ನಿಲ್ಲುವವರಿಗೂ ಪಾಠ ಶುರುವಾಯಿತು: ಹಿಡಿಯಬೇಕು, ಕಟ್ಟಬಾರದು. ಹುಡುಗರು ಬೀಳುವುದು ಕಡಿಮೆಯಾಯಿತು, ಕೆಲಸ ಉಳಿಯಿತು. ಮುಂದಿನ ರಜದಲ್ಲಿ ಮಾದನಿಗೊಂದು ಸರ್ಕಾರಿ ಕಂಬಳಿ ತಂದುಕೊಟ್ಟರು. ಉಗ್ರಾಣದ ಎಣಿಕೆಯಿಂದ ಅದು ಹೇಗೆ ತಪ್ಪಿಸಿಕೊಂಡಿತೆಂದು ನಾವು ಕೇಳಲಿಲ್ಲ.

ಕೆಲವು ವರ್ಷಗಳ ನಂತರ ಅವರ ತಮ್ಮ ಸುದ್ದಿ ತಂದ. ಅಲೆ ಜೋರಾಗಿದ್ದ ದಿನ ಹೊಸ ನಾವಿಕನೊಬ್ಬ ಗಾಬರಿಯಲ್ಲಿ ಹಗ್ಗವನ್ನು ಹಡಗಿನ ಕಂಬಿಗೆ ಕಟ್ಟಿಬಿಟ್ಟಿದ್ದ. ಹೆಲಿಕಾಪ್ಟರಿನಲ್ಲಿ ಹುಡುಗರಿದ್ದರು. ಹಡಗಿನಲ್ಲೇ ಇದ್ದ ಬಸವಯ್ಯನವರು ಓಡಿಹೋಗಿ ಆ ಗಂಟಿಗೆ ಕೈ ಹಾಕಿದರು. ಆಮೇಲೆ ಬಂದ ಅಲೆ ಅವರನ್ನು ಕೊಂಡೊಯ್ದಿತು.

ಮಾದನಿಗೆ ತಿಳಿಸಲು ನಾನೇ ಹೋದೆ. ಅವನು ಹರಿಗೋಲಿಗೆ ಟಾರು ಬಳಿಯುತ್ತಿದ್ದ. ಎಲ್ಲ ಕೇಳಿ, "ಗಂಟು ಬಿಚ್ಚುದ್ರಾ?" ಎಂದ.

"ಬಿಚ್ಚಿದರಂತೆ. ಮೇಲಿದ್ದವರೆಲ್ಲ ಉಳಿದರು."

ಮಾದ ಟಾರಿನ ಕೈಯನ್ನು ನೋಡಿಕೊಂಡ. "ಜಗ್ಗಾಡ್ತಿರೋ ಗಂಟು ಬಿಚ್ಚೋದು ಬಲು ಕಷ್ಟ ಸಾ" ಎಂದ.