ಎಣಿಕೆ ಅಕ್ಕನ ನಲವತ್ತೊಂದು

ಇದು ಶುರುವಾದದ್ದು ಈ ಸಲದ ಚಳಿಗಾಲದಲ್ಲಿ, ಬೆಳಗಿನ ಐದೂವರೆಗೆ. ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಸಲಕರಣೆ ಶುದ್ಧ ಮಾಡುವ ಆವಿಯ ಪೆಟ್ಟಿಗೆ ಬುಸುಗುಡುತ್ತಿದೆ. ಅದರ ಮುಂದಿನ ಸ್ಟೀಲ್ ಮೇಜಿನ ಮೇಲೆ ಒಬ್ಬ ಹೆಂಗಸು ಆಪರೇಷನ್ನಿಗೆ ಹೋಗುವ ಟ್ರೇ ಜೋಡಿಸುತ್ತಿದ್ದಾಳೆ. ಕತ್ತರಿ ಆರು, ಚಾಕುವಿನ ಹಿಡಿ ನಾಲ್ಕು, ಚಿಮಟ ಐದು, ಇಕ್ಕಳ ಇಪ್ಪತ್ತಾರು. ಒಂದೊಂದನ್ನೂ ಬೆರಳಲ್ಲಿ ಮುಟ್ಟಿ, ತುಟಿಯಲ್ಲೇ ಎಣಿಸುತ್ತಾಳೆ. ನಲವತ್ತೊಂದು ಬರುತ್ತದೆ. ಸಾಲದೆಂಬಂತೆ ಇನ್ನೊಮ್ಮೆ, ಈ ಸಲ ಕೊನೆಯಿಂದ ಮೊದಲಿಗೆ.

ಪಕ್ಕದಲ್ಲಿ ಸೂಪರ್‌ವೈಸರ್ ಬಂದು ನಿಂತಿದ್ದಾನೆ. ಮೂವತ್ತೈದರ ಗಂಡಸು. ಉಳಿದವರಾದರೆ ಅವಳು ಎಣಿಸುವಾಗಲೇ ಮಾತಿಗೆಳೆಯುತ್ತಾರೆ. ಇವನು ಮಾತ್ರ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು, ಎಣಿಕೆ ಮುಗಿಯುವವರೆಗೆ ಅಲ್ಲಾಡದೆ ನಿಲ್ಲುತ್ತಾನೆ. ಹಾಗೆ ನಿಲ್ಲಬೇಕೆಂದು ಅವನಿಗೆ ಇಲ್ಲಿ ಯಾರೂ ಹೇಳಿಕೊಟ್ಟಿಲ್ಲ.

“ಕಾಂಟ್ರಾಕ್ಟ್ ಬದಲಾಗಿದೆ ಅಕ್ಕ. ಕೆಲಸದವರೆಲ್ಲ ಹೊಸದಾಗಿ ಫಾರಂ ತುಂಬಿಸ್ಬೇಕಂತೆ. ಹತ್ತು ದಿನ ಟೈಮು,” ಎನ್ನುತ್ತಾನೆ, ಹಾಳೆಯನ್ನು ಮೇಜಿನ ತುದಿಯಲ್ಲಿ ಇಡುತ್ತಾ.

ಹಾಳೆಯ ಒಂಬತ್ತನೆಯ ಸಾಲು: ಹಿಂದೆ ಯಾವುದಾದರೂ ಅಪರಾಧಕ್ಕೆ ಶಿಕ್ಷೆಯಾಗಿದೆಯೇ? ಹೌದಾದರೆ ವಿವರ.

ಹನ್ನೊಂದು ವರ್ಷದಿಂದ ಆಸ್ಪತ್ರೆಯಲ್ಲಿ ಅವಳಿಗೆ ಎಣಿಕೆ ಅಕ್ಕ ಎಂದೇ ಹೆಸರು. ದಿನಕ್ಕೆ ಹದಿನೆಂಟು ಟ್ರೇ, ಏಳುನೂರಕ್ಕೂ ಮೇಲೆ ಸಲಕರಣೆ. ಮೇಲೆ ಹೋಗುವಾಗ, ವಾಪಸು ಬಂದಾಗ, ತೊಳೆದು ಒರೆಸಿದ ಮೇಲೆ, ಹೀಗೆ ಮೂರು ಸಲ ಎಣಿಕೆ. ಬಂದ ಹೊಸದರಲ್ಲಿ ಒಮ್ಮೆ ವಾಪಸು ಬಂದ ಟ್ರೇಯಲ್ಲಿ ನಲವತ್ತೇ ಇದ್ದವು. ಏದುಸಿರು ಬಿಡುತ್ತಾ ಮೂರು ಮಹಡಿ ಹತ್ತಿ ಆಪರೇಷನ್ ಕೋಣೆಯ ಬಾಗಿಲು ತಟ್ಟಿದಳು. ಹೊಲಿಗೆಗೆ ಸೂಜಿ ಹಿಡಿದಿದ್ದ ಡಾಕ್ಟರು ಸಿಡುಕಿದರು. ಹನ್ನೊಂದು ನಿಮಿಷ ಹುಡುಕಿದ ಮೇಲೆ ಇಕ್ಕಳ ಒಗೆಯುವ ಬಟ್ಟೆಯ ಗಂಟಿನಲ್ಲಿ ಸಿಕ್ಕಿತು. “ಹೊಟ್ಟೆ ಒಳಗೆ ಇರ್ಲಿಲ್ವಲ್ಲ, ಅಷ್ಟು ಸಾಕು ಬಿಡಿ ಸಾರ್,” ಎಂದು ಕೆಳಗಿಳಿದಳು. ಹೆಸರು ಅಂದಿನಿಂದ ಅಂಟಿಕೊಂಡಿತು.

ಈ ಎಣಿಕೆಯನ್ನು ಎಲ್ಲಿ ಕಲಿತೆ ಎಂದು ಕೇಳಿದವರಿಗೆಲ್ಲ “ಹೊಲಿಗೆ ಕೆಲಸದಲ್ಲಿ” ಎನ್ನುತ್ತಾಳೆ. ಸುಳ್ಳಲ್ಲ. ಆ ಹೊಲಿಗೆ ಕೋಣೆ ಇದ್ದದ್ದು ಜೈಲಿನಲ್ಲಿ.

ಇಪ್ಪತ್ತೆರಡರ ಹರೆಯದಲ್ಲಿ ಅವಳು ಸಿದ್ಧ ಉಡುಪಿನ ಕಾರ್ಖಾನೆಯಲ್ಲಿದ್ದಳು. ಆರು ತಿಂಗಳು ಬಟ್ಟೆಯ ಗಂಟುಗಳನ್ನು ಹಿಂಗೋಡೆಯಾಚೆ ದಾಟಿಸಿದಳು. “ಕದ್ದಿದ್ದು ನಾನೇ. ಯಾರೂ ಕೈಹಿಡಿದು ಕಲಿಸಿರ್ಲಿಲ್ಲ,” ಎನ್ನುತ್ತಾಳೆ. ಮೂರು ವರ್ಷ ಶಿಕ್ಷೆಯಾಯಿತು. ಹೊಲಿಗೆ ಕೋಣೆಯಲ್ಲಿ ಮೂವತ್ತೊಂದು ಕತ್ತರಿ. ಸಂಜೆ ಅಷ್ಟೂ ಲೆಕ್ಕಕ್ಕೆ ಸಿಕ್ಕದೆ ಯಾರೂ ಕದಲುವಂತಿರಲಿಲ್ಲ. ಒಂದು ದಿನ ಮೂವತ್ತೇ ಬಂದವು. ಎಲ್ಲರೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ಸಾಲಾಗಿ ನಿಂತರು. ಕತ್ತಲಾಯಿತು, ಬೆಳಗೂ ಆಯಿತು. ಬಸುರಿಯೊಬ್ಬಳು ನಿಂತಲ್ಲೇ ಕುಸಿದಳು. ಕತ್ತರಿ ಮಿಷನ್ನಿನ ಪೆಡಲ್ಲಿನಡಿ ಬಿದ್ದಿತ್ತು. “ಅವತ್ತಿಂದ ಒಂದು ಕಡಿಮೆ ಅಂದ್ರೆ ನಂಗೆ ಕಾಲು ನಿಲ್ಲಲ್ಲ.”

ಹೊರಗೆ ಬಂದ ಮೇಲೆ ಮೂರು ಕಡೆ ಕೆಲಸ ಸಿಕ್ಕಿತು, ಮೂರು ಕಡೆಯೂ ಹೋಯಿತು. ಮತ್ತೆ ಕದ್ದದ್ದಕ್ಕಲ್ಲ, ಹಳೆಯದು ಗೊತ್ತಾದದ್ದಕ್ಕೆ. ಬಾಡಿಗೆಗೆ ಕೊಟ್ಟ ಕೋಣೆಯ ಬೀಗವನ್ನು ಮನೆಯೊಡತಿ ಒಂದೇ ವಾರದಲ್ಲಿ ಬದಲಾಯಿಸಿದಳು. ಕೊನೆಗೆ ಈ ಆಸ್ಪತ್ರೆಯ ದೊಡ್ಡ ಸಿಸ್ಟರ್ ಎಲ್ಲ ಕೇಳಿಕೊಂಡು, ಫಾರಂ ಗೀರಂ ಇಲ್ಲದೆ ಒಳಗೆ ಸೇರಿಸಿದರು. ಇವತ್ತಿಗೂ ಯಾರದ್ದಾದರೂ ಪರ್ಸು ಕಾಣೆಯಾಯಿತೆಂದರೆ, ಕೇಳುವ ಮೊದಲೇ ತನ್ನ ಚೀಲವನ್ನು ಮೇಜಿನ ಮೇಲೆ ಸುರಿದು ತೋರಿಸುತ್ತಾಳೆ.

ಮನೆಯಲ್ಲಿ ಗಂಡ ಲಾರಿ ಹತ್ತಿ ಹೋದರೆ ವಾರಗಟ್ಟಲೆ ಬರುವುದಿಲ್ಲ. ಇರುವುದು ಅವಳು ಮತ್ತು ಅತ್ತೆ. ಮದುವೆಗೆ ಮುಂಚೆಯೇ ಎಲ್ಲ ಹೇಳಿದ್ದರಿಂದ ಅತ್ತೆಯ ಹತ್ತಿರ ಮುಚ್ಚುಮರೆಯಿಲ್ಲ.

“ಇಲ್ಲ ಅಂತ ಬರೆದು ಬಿಸಾಕೇ,” ಎನ್ನುತ್ತಾಳೆ ಅತ್ತೆ. “ಹದಿನೆಂಟು ವರ್ಷ ಹಿಂದಿನ ಕಥೆ. ಯಾವನು ಅಗೆದು ನೋಡ್ತಾನೆ?”

“ಅಗೆದ್ರೆ?”

“ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಳ್ಳೋದು ನಿನ್ನ ನೋಡೇ ಕಲಿತಿರ್ಬೇಕು ಜನ. ಕೂತ್ಕೋ ಮೊದ್ಲು. ಆಗ್ಲಿಂದ ಅದೇ ಚಮಚ ನಾಲ್ಕು ಸಲ ಎಣಿಸಿದೀಯ. ಇರೋದು ಆರೇ ಕಣೇ.”

ದೊಡ್ಡ ಸಿಸ್ಟರ್ ಹೇಳಿದ್ದು ಬೇರೆ. “ಆ ಸಾಲು ಖಾಲಿ ಬಿಡು. ಖಾಲಿ ಬಿಟ್ಟರೆ ಸುಳ್ಳೂ ಅಲ್ಲ, ನಿಜವೂ ಅಲ್ಲ.”

ಖಾಲಿ ಬಿಟ್ಟಳು. ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಚೀಲದಲ್ಲಿಟ್ಟುಕೊಂಡು ಓಡಾಡಿದಳು. ಬಸ್ಸಿನಲ್ಲಿ ಸೀಟು ಸಿಕ್ಕರೂ ಕೂರಲಿಲ್ಲ. ಬಾಗಿಲು ಸದ್ದಾದರೆ ತಿರುಗಿ ನೋಡಿದಳು. ನಲವತ್ತೊಂದನ್ನು ಮೂರರ ಬದಲು ಐದು ಸಲ ಎಣಿಸಿದಳು. ಬೆರಳ ತುದಿಗಳು ಆವಿಗೆ ಬೆಂದು ಸುಕ್ಕಾದವು. ಟ್ರೇ ತುಂಬಿತ್ತು, ಹಾಳೆ ತುಂಬಿರಲಿಲ್ಲ. ಒಂಬತ್ತು ದಿನ ಹೀಗೇ ಕಳೆದವು.

ಹತ್ತನೆಯ ದಿನ ಮಂಗಳವಾರ. ಹದಿನೆಂಟನೆಯ ಟ್ರೇ ಮುಗಿಸಿ, ಕೈ ಒರೆಸಿಕೊಂಡು ಬರೆಯುತ್ತಾಳೆ: ‘ಹೌದು. ಬಟ್ಟೆ ಕಳ್ಳತನ. ಮೂರು ವರ್ಷ.’ ಸೂಪರ್‌ವೈಸರ್ ಅದನ್ನು ನಿಂತೇ ಓದುತ್ತಾನೆ. ಮೂರೇ ಮಾತಿದ್ದರೂ ಬಹಳ ಹೊತ್ತು ಓದುತ್ತಾನೆ.

“ಯಾಕಕ್ಕ ಬರೆದ್ರಿ? ಸುಮ್ಮನಿರಲಾರದೆ ಇರುವೆ ಬಿಟ್ಕೊಂಡ ಹಾಗಾಯ್ತು. ಖಾಲಿ ಇದ್ದಿದ್ರೆ ನಾನು ಹೇಗೋ ನಡುವೆ ಸೇರಿಸ್ತಿದ್ದೆ.”

“ಒಂದು ಕಡಿಮೆ ಇತ್ತಪ್ಪ. ನಿದ್ದೆ ಬರ್ಲಿಲ್ಲ.” ಅವನ ಕೈಯಲ್ಲಿದ್ದ ಫಾರಂಗಳ ಕಟ್ಟನ್ನು ತೆಗೆದುಕೊಂಡು, ರೂಢಿಯ ಬಲದಿಂದ, ಹಾಳೆಗಳನ್ನು ಎಣಿಸತೊಡಗುತ್ತಾಳೆ. ಅವನು ಕೈ ಹಿಂದೆ ಕಟ್ಟಿ ನಿಲ್ಲುತ್ತಾನೆ. “ನಾವು ಮೂವತ್ನಾಲ್ಕು ಜನ ಅಲ್ವಾ? ಮೂವತ್ಮೂರೇ ಇದೆ. ಯಾರದ್ದು?”

ಅವನು ಉತ್ತರ ಕೊಡುವ ಮೊದಲೇ ಅವಳ ಕಣ್ಣು ಅವನ ಕಟ್ಟಿದ ಕೈಗಳ ಕಡೆ ಹೋಗಿದೆ. ಎರಡು ವರ್ಷದಿಂದ ಕಂಡದ್ದು, ಈಗ ತಿಳಿಯುತ್ತದೆ. ಎಣಿಸುವವರ ಮುಂದೆ ಹಾಗೆ ನಿಲ್ಲಲು ಕಲಿಸುವ ಜಾಗ ಅವಳಿಗೆ ಗೊತ್ತಿರುವುದು ಒಂದೇ.

“ನಂದೇ ಅಕ್ಕ,” ಎನ್ನುತ್ತಾನೆ ನೆಲ ನೋಡುತ್ತಾ. “ನಾಳೆ ಬರೀತೀನಿ.”

“ಬರಿ. ಬರೆದ ಮೇಲೆ ಹೊಟ್ಟೆ ಹಗುರ ಆಗುತ್ತೆ. ಕೆಲಸದ ವಿಷಯ ನಂಗೊತ್ತಿಲ್ಲ.”

ಕೆಲಸದ ವಿಷಯ ಶುಕ್ರವಾರ ಗೊತ್ತಾಯಿತು. ದೊಡ್ಡ ಸಿಸ್ಟರ್ ಹನ್ನೊಂದು ವರ್ಷದ ಟ್ರೇ ಎಣಿಕೆಯ ಪುಸ್ತಕಗಳನ್ನು ಹೊತ್ತು ಆಫೀಸಿಗೆ ಹೋಗಿದ್ದರು. ಆಫೀಸಿನವರು ಪೂರ್ತಿ ಒಪ್ಪಲೂ ಇಲ್ಲ, ಪೂರ್ತಿ ಬಿಡಲೂ ಇಲ್ಲ. ಆರು ತಿಂಗಳು ನೋಡೋಣ, ಅಲ್ಲಿಯವರೆಗೆ ಅವಳೊಬ್ಬಳನ್ನೇ ಸಲಕರಣೆಯ ಹತ್ತಿರ ಬಿಡಬಾರದು ಎಂದರು. ಈಗ ಇನ್ನೊಬ್ಬ ಆಯಾ ದಿನವಿಡೀ ಅವಳ ಪಕ್ಕದಲ್ಲಿ ಕಾವಲು ನಿಲ್ಲುತ್ತಾಳೆ. ಎರಡೇ ದಿನದಲ್ಲಿ ಎಣಿಕೆ ಅಕ್ಕ ಅವಳ ಕೈಯಲ್ಲೂ ಎಣಿಕೆ ಶುರುಮಾಡಿಸಿದ್ದಾಳೆ. “ಕಾಯೋಕೆ ಬಂದವಳು ಕೈ ಕಟ್ಟಿ ನಿಲ್ಲೋದ್ಯಾಕೆ? ನಾಲ್ಕು ಕಣ್ಣಿದ್ರೆ ಟ್ರೇಗೆ ಒಳ್ಳೇದೇ ಅಲ್ವಾ?”

ಆರು ತಿಂಗಳ ಆಚೆ ಏನೋ ಅವಳಿಗೆ ತಿಳಿಯದು. ಬಸ್ಸಿನಲ್ಲಿ ಈಗಲೂ ನಿಂತೇ ಬರುತ್ತಾಳೆ.

ಸೂಪರ್‌ವೈಸರ್ ತನ್ನ ಹಾಳೆ ಬರೆಯಲಿಲ್ಲ. ಆ ಮಂಗಳವಾರದ ಮರುದಿನ ಬೆಳಿಗ್ಗೆ ಐದೂವರೆಗೆ ಅವಳು ಬಂದಾಗ, ಸ್ಟೀಲ್ ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿ, ಅದರ ಮೇಲೆ ಅವನ ಬಳಿಯಿದ್ದ ಉಗ್ರಾಣದ ಬೀಗದ ಕೈಗಳನ್ನು ಸಾಲಾಗಿ ಜೋಡಿಸಿಟ್ಟಿತ್ತು. ಹೊತ್ತೇರಿದ ಮೇಲೆ ಆಫೀಸಿನವರು ಓಡಿಬಂದು, ಏನೇನು ಹೊತ್ತುಕೊಂಡು ಹೋದನೋ, ಉಗ್ರಾಣ ನೋಡಬೇಕು ಎಂದು ಗದ್ದಲ ಮಾಡಿದರು.

“ನೋಡಿ, ಬೇಡ ಅನ್ನಲ್ಲ,” ಎಂದಳು ಎಣಿಕೆ ಅಕ್ಕ. “ಉಗ್ರಾಣ ನಾನು ಬೆಳಿಗ್ಗೇನೇ ಎಣಿಸಿದೀನಿ. ಬೀಗದ ಕೈ ಒಂಬತ್ತು, ಒಂಬತ್ತೂ ಇವೆ. ಆ ಮನುಷ್ಯನ ಹತ್ರ ಒಂದೂ ಕಡಿಮೆ ಇಲ್ಲ.”

ಅವನು ಹೋದದ್ದು ಬುಧವಾರ, ಬೆಳಕು ಹರಿಯುವ ಮುಂಚೆ.